ಬಸಿರಿಲ್ಲದೆ ಬಾಣಂತಿ: ದುಡಿಯುವ ಹೆಣ್ಣುನಾಯಿಗೆ ಹುಸಿ ಗಬ್ಬ ಬಂದಾಗ

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಮುಧೋಳದ ಕಡೆ ಇರುವ ಸೋದರಮಾವನ ಹೊಲಕ್ಕೆ ಹೋಗಿದ್ದೆವು. ಪ್ರತಿ ಸಲ ನಮ್ಮ ಗಾಡಿ ಹೊಲದ ದಾರಿಗೆ ತಿರುಗುವುದೇ ತಡ, ಕೆಂಪಿ ಎಲ್ಲಿದ್ದರೂ ಓಡಿ ಬರುತ್ತಿತ್ತು. ಅದು ಮುಧೋಳ ತಳಿಯ ನಾಯಿ. ಸಣ್ಣ ನಡು, ಉದ್ದ ಕಾಲು. ಓಡುವಾಗ ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಅನ್ನಿಸುತ್ತದೆ. ಈ ಸಲ ಬರಲಿಲ್ಲ.

ಹುಡುಕಿದರೆ ಕಣಿಕೆ ಬಣವೆಯ ಬುಡದಲ್ಲಿತ್ತು. ಮಣ್ಣು ಕೆದರಿ, ಕಬ್ಬಿನ ರವದಿ ಎಳೆತಂದು ಹಾಸಿ, ಬುಟ್ಟಿಯಷ್ಟಗಲದ ಗುಂಡಿ ಮಾಡಿಕೊಂಡಿತ್ತು. ಗುಂಡಿಯ ನಡುವೆ ಮಾವನ ಹರಿದ ಚಪ್ಪಲಿ, ಎಡಗಾಲಿನದು. ಅದನ್ನು ಹೊಟ್ಟೆಗೆ ಒತ್ತಿಕೊಂಡು ತುದಿಯಿಂದ ಹಿಮ್ಮಡಿಯವರೆಗೆ ನೆಕ್ಕುತ್ತಿತ್ತು. ನಾನು ಕೈ ಚಾಚಿದೆ. ಐದು ವರ್ಷದಿಂದ ನನ್ನನ್ನು ಬಲ್ಲ ನಾಯಿ ಹಲ್ಲು ತೋರಿಸಿತು.

"ಗಬ್ಬ ಇಲ್ಲಪಾ ಅದು," ಅಂದರು ಮಾವ. "ಬೆದಿಗಿ ಬಂದಾಗ ಕಟ್ಟಿ ಹಾಕಿದ್ವಿ. ಆದ್ರ ಮೊಲಿ ನೋಡು, ಹಾಲು ಬಂದೈತಿ. ರಾತ್ರಿ ಹಂದಿ ಕಬ್ಬಿಗೆ ನುಗ್ಗಿದ್ರೂ ಏಳವಲ್ದು. ಏನ್ ರೋಗ ಬಡೀತೋ ಏನೋ."

ಅತ್ತೆಗೆ ಅನುಮಾನವೇ ಇರಲಿಲ್ಲ. "ಪಾಪ, ಮರಿ ಆಸಿ ಅದಕ್ಕ" ಅನ್ನುತ್ತಾ ಒಂದು ಅಂಟಿನ ಉಂಡೆ ತಂದು ಗುಂಡಿಯ ಪಕ್ಕ ಇಟ್ಟಿದ್ದರು.

ನಿಜ ಹೇಳಬೇಕೆಂದರೆ ಅದು ರೋಗವೂ ಅಲ್ಲ, ಆಸೆಯೂ ಅಲ್ಲ. ಹೊಲ, ತೋಟ, ಕುರಿಹಟ್ಟಿ ಕಾಯಲು ಹೆಣ್ಣುನಾಯಿ ಸಾಕಿದವರು ಇವತ್ತಲ್ಲ ನಾಳೆ ಇದನ್ನು ನೋಡುತ್ತಾರೆ. ನೋಡಿದ ದಿನ ಗಾಬರಿಯಾಗುತ್ತದೆ, ಅಲ್ವಾ? ಹಾಗಾಗಿ ಬುಡದಿಂದಲೇ ಶುರು ಮಾಡೋಣ.

ಹುಸಿ ಗಬ್ಬ ಅಂದರೇನು

ಗಂಡುನಾಯಿಯ ಜೊತೆ ಕೂಡದೆಯೇ, ಅಥವಾ ಕೂಡಿಯೂ ಗಬ್ಬ ನಿಲ್ಲದೆ, ಹೆಣ್ಣುನಾಯಿ ಮರಿ ಹಾಕಿದ ನಾಯಿಯ ಹಾಗೆ ನಡೆದುಕೊಳ್ಳುವುದಕ್ಕೆ ಹುಸಿ ಗಬ್ಬ ಅನ್ನುತ್ತಾರೆ. ಡಾಕ್ಟರ ಚೀಟಿಯಲ್ಲಿ ಇದನ್ನು ಸ್ಯೂಡೋಪ್ರೆಗ್ನೆನ್ಸಿ ಅಥವಾ ಫಾಲ್ಸ್ ಪ್ರೆಗ್ನೆನ್ಸಿ ಅಂತ ಬರೆದಿರುತ್ತಾರೆ. ಮೊಲೆ ತುಂಬಿಕೊಳ್ಳುತ್ತದೆ, ಹಾಲೋ ತಿಳಿನೀರೋ ಬರುತ್ತದೆ. ಮೂಲೆ ಹುಡುಕಿ ಗೂಡು ಮಾಡುತ್ತದೆ. ಸಿಕ್ಕಿದ ವಸ್ತುವನ್ನು ಮರಿ ಮಾಡಿಕೊಂಡು ಕಾಯುತ್ತದೆ. ಕೆಲವು ನಾಯಿಗಳು ಊಟ ಬಿಡುತ್ತವೆ, ಕೆಲವು ಸುಮ್ನೆ ಕುಂಯ್‌ಗುಡುತ್ತವೆ, ಕೆಲವು ಹತ್ತಿರ ಹೋದವರಿಗೆಲ್ಲ ಗುರ್ ಅನ್ನುತ್ತವೆ. ಎಲ್ಲ ನಾಯಿಯಲ್ಲೂ ಎಲ್ಲ ಲಕ್ಷಣ ಇರುವುದಿಲ್ಲ. ಒಂದಕ್ಕೆ ಬರೀ ಹಾಲು, ಇನ್ನೊಂದಕ್ಕೆ ಬರೀ ಗೂಡಿನ ಹುಚ್ಚು.

ಮನುಷ್ಯರಲ್ಲೂ ಅಪರೂಪಕ್ಕೆ ಹುಸಿ ಬಸಿರು ಇದೆ. ಅಲ್ಲಿ ಮನಸ್ಸಿನ ಪಾಲು ದೊಡ್ಡದು. ನಾಯಿಯ ಕತೆ ಬೇರೆ. ಮರಿ ಬೇಕೆಂಬ ಕೊರಗಿನಿಂದ ಅದಕ್ಕೆ ಹಾಲು ಬರುವುದಿಲ್ಲ. ರಕ್ತದಲ್ಲಿ ಹಾರ್ಮೋನು ಏರಿಳಿದಾಗ ಬರುತ್ತದೆ. ಹಾಲು ತರುವ ಹಾರ್ಮೋನೇ ತಾಯಿಯ ನಡವಳಿಕೆಯನ್ನೂ ತರುತ್ತದೆ. ಚಪ್ಪಲಿ ಮರಿಯಾಗುವುದು ಹೀಗೆ.

ಹಸುವಿಗೆ 21 ದಿನ, ನಾಯಿಗೆ 2 ಅಮಾವಾಸ್ಯೆ

ಹಸು ಸಾಕಿದವರಿಗೆ 21 ದಿನದ ಲೆಕ್ಕ ಗೊತ್ತು. ಹೋರಿ ಕೊಡಿಸಿದ ಮೇಲೆ 21ನೇ ದಿನದ ಹೊತ್ತಿಗೆ ಹಸು ಮತ್ತೆ ಬೆದೆಗೆ ಬಂದರೆ ಗಬ್ಬ ನಿಂತಿಲ್ಲ ಅಂತ ಅರ್ಥ. ನಾಯಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಹುಸಿ ಗಬ್ಬದ ಗುಟ್ಟು ಇರುವುದು ಇಲ್ಲೇ.

ಅಂಡಾಶಯದಿಂದ ಮೊಟ್ಟೆ ಹೊರಬಿದ್ದ ಜಾಗದಲ್ಲಿ ಒಂದು ಸಣ್ಣ ಗಂಟು ಬೆಳೆಯುತ್ತದೆ. ಆ ಗಂಟು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಬಿಡುತ್ತದೆ. ಗರ್ಭಕೋಶವನ್ನು ಮರಿಗಾಗಿ ಹದವಾಗಿ ಇಡುವುದು ಈ ಹಾರ್ಮೋನಿನ ಕೆಲಸ. ಹಸುವಿನ ಹೊಟ್ಟೆಯಲ್ಲಿ ಕರು ಇಲ್ಲದಿದ್ದರೆ ಗರ್ಭಕೋಶವೇ 17ನೇ ದಿನದ ಆಸುಪಾಸಿನಲ್ಲಿ "ಇಲ್ಲಿ ಯಾರೂ ಇಲ್ಲ" ಅಂತ ಸುದ್ದಿ ಕಳಿಸಿ ಗಂಟನ್ನು ಕರಗಿಸುತ್ತದೆ. ಹೆಂಗಸರಲ್ಲಿ ಬಸಿರು ನಿಲ್ಲದಿದ್ದರೆ ಗಂಟು ಸುಮಾರು 14 ದಿನಕ್ಕೆ ತಾನೇ ಕುಗ್ಗುತ್ತದೆ. ನಾಯಿಯ ಗರ್ಭಕೋಶ ಮಾತ್ರ ಇಂಥ ಸುದ್ದಿ ಕಳಿಸುವುದೇ ಇಲ್ಲ. ಮರಿ ಇರಲಿ, ಬಿಡಲಿ, ಗಂಟು ಸುಮಾರು 2 ತಿಂಗಳು ದುಡಿಯುತ್ತದೆ. ಗಬ್ಬದ ನಾಯಿಯ ರಕ್ತದಲ್ಲೂ ಖಾಲಿ ಹೊಟ್ಟೆಯ ನಾಯಿಯ ರಕ್ತದಲ್ಲೂ ಪ್ರೊಜೆಸ್ಟೆರಾನ್ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತದೆ.

ಮದುವೆ ಮುರಿದುಬಿದ್ದಿದೆ, ಆದರೆ ಅಡುಗೆಯವರಿಗೆ ಯಾರೂ ಹೇಳಿಲ್ಲ ಅಂದುಕೊಳ್ಳಿ. ಅವರು ಒಲೆ ಹಚ್ಚುತ್ತಾರೆ, ಅನ್ನ ಬಸಿಯುತ್ತಾರೆ, ಮುಹೂರ್ತ ಮುಗಿಯುವ ಹೊತ್ತಿಗೆ ಎಲೆ ಹಾಕಿ ಬಡಿಸಲು ನಿಲ್ಲುತ್ತಾರೆ. ಅವರ ತಪ್ಪೇನಿಲ್ಲ. ನಾಯಿಯ ಮೈಯೂ ಹೀಗೇ. 2 ತಿಂಗಳ ಕೊನೆಗೆ ಗಂಟು ಕುಗ್ಗುತ್ತದೆ, ಪ್ರೊಜೆಸ್ಟೆರಾನ್ ಇಳಿಯುತ್ತದೆ. ಅದು ಇಳಿದ ಕೂಡಲೇ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ. ಹಾಲು ತರುವುದು, ಗೂಡು ಕಟ್ಟಿಸುವುದು, ಕಾವಲು ಕೂರಿಸುವುದು ಎಲ್ಲ ಇದರದೇ ಕೆಲಸ.

ಕೆಂಪಿಯ ಲೆಕ್ಕ ತೆಗೆದುಕೊಳ್ಳಿ. ಮೊದಲ ರಕ್ತದ ಹನಿ ಕಂಡದ್ದು ಸೀಗಿ ಹುಣ್ಣಿಮೆಯ ಸುಮಾರಿಗೆ. ಊರಿನ ಗಂಡುನಾಯಿಗಳು ಹೊಲದ ಸುತ್ತ ಠಳಾಯಿಸಿದ್ದು ದೀಪಾವಳಿಯ ಹೊತ್ತಿಗೆ. ಮೊಟ್ಟೆ ಹೊರಬಿದ್ದದ್ದು ಆಗಲೇ ಇರಬೇಕು. ದೀಪಾವಳಿ ಅಮಾವಾಸ್ಯೆಯಿಂದ ಎಳ್ಳ ಅಮಾವಾಸ್ಯೆಗೆ ಸರಿಯಾಗಿ 2 ತಿಂಗಳು, ಅಂದರೆ 59 ದಿನ. ನಾಯಿಯ ಗಬ್ಬ ಸುಮಾರು 63 ದಿನದ್ದು. ನಿಜವಾಗಿ ಗಬ್ಬ ನಿಂತಿದ್ದರೆ ಕೆಂಪಿ ಅದೇ ವಾರ ಮರಿ ಹಾಕಬೇಕಿತ್ತು. ಮೈ ಗಡುವು ತಪ್ಪಿಸಿಲ್ಲ, ಮರಿಯಷ್ಟೇ ಇಲ್ಲ.

ಈ ಏರಿಳಿತ ಅಂಡಾಶಯ ತೆಗೆಯುವ ಆಪರೇಷನ್ ಆಗದ, ಗಬ್ಬ ನಿಲ್ಲದ ಪ್ರತಿ ಹೆಣ್ಣುನಾಯಿಯಲ್ಲೂ ನಡೆಯುತ್ತದೆ. ಬಹಳಷ್ಟರಲ್ಲಿ ಹೊರಗೆ ಕಾಣುವುದಿಲ್ಲ. ಪ್ರೊಲ್ಯಾಕ್ಟಿನ್ ಜೋರಾಗಿ ಏರುವ, ಅಥವಾ ಅದಕ್ಕೆ ಬೇಗ ಮಣಿಯುವ ಮೈಯಿದ್ದರೆ ಎದ್ದು ಕಾಣುತ್ತದೆ. ಸಾಮಾನ್ಯವಾಗಿ ಬೆದೆ ಮುಗಿದು 6ರಿಂದ 8 ವಾರಕ್ಕೆ ಶುರುವಾಗುತ್ತದೆ, ಕೆಲವಕ್ಕೆ ಸ್ವಲ್ಪ ಹಿಂದೆಮುಂದೆ. 2–3 ವಾರ ಇದ್ದು ತಾನಾಗಿಯೇ ಹೋಗುತ್ತದೆ.

ಪ್ರಕೃತಿ ಇಂಥ ದುಂದನ್ನು ಯಾಕೆ ಉಳಿಸಿಕೊಂಡಿದೆ ಅಂತ ಕೇಳಬಹುದು. ವಿಜ್ಞಾನಿಗಳು ತೋಳದ ಕಡೆ ಕೈ ತೋರಿಸುತ್ತಾರೆ. ತೋಳದ ಹಿಂಡಿನಲ್ಲಿ ಸಾಮಾನ್ಯವಾಗಿ ಒಂದೇ ಜೋಡಿ ಮರಿ ಮಾಡುತ್ತದೆ. ಉಳಿದ ಹೆಣ್ಣುಗಳಿಗೂ ಅದೇ ಹೊತ್ತಿಗೆ ಹಾಲು ಬಂದರೆ ಮರಿ ಸಾಕಲು ಚಿಕ್ಕಮ್ಮ ದೊಡ್ಡಮ್ಮಂದಿರು ಸಿಕ್ಕ ಹಾಗಾಯಿತು. ಆ ಹಳೇ ಏರ್ಪಾಡು ನಾಯಿಯಲ್ಲೂ ಉಳಿದಿರಬೇಕು ಎಂಬುದು ಅವರ ಊಹೆ.

ದುಡಿಯುವ ನಾಯಿಗೆ ಕಷ್ಟ ಜಾಸ್ತಿ ಯಾಕೆ

ಮನೆಯೊಳಗಿನ ನಾಯಿ ಮೂರು ವಾರ ಸೋಫಾ ಕೆಳಗೆ ಮಲಗಿದರೆ ಯಾರಿಗೂ ನಷ್ಟವಿಲ್ಲ. ಹೊಲ ಕಾಯುವ ನಾಯಿ ಏಳದಿದ್ದರೆ ಒಂದೇ ರಾತ್ರಿಯಲ್ಲಿ ಹಂದಿಗಳು ಕಬ್ಬು ಮಲಗಿಸಿ ಹೋಗುತ್ತವೆ. ಕುರಿಗಾರರ ನಾಯಿ ಹಿಂಡಿನ ಜೊತೆ ದಿನವೂ ಮೈಲುಗಟ್ಟಲೆ ನಡೆಯಬೇಕು. ತುಂಬಿ ಜೋತ ಮೊಲೆಗೆ ಜಾಲಿ ಮುಳ್ಳು ಗೀರಿದರೆ ಗಾಯ, ಗಾಯಕ್ಕೆ ನೊಣ.

ಪೊಲೀಸ್ ಮತ್ತು ಸೇನೆಯ ನಾಯಿಗಳದು ಇನ್ನೂ ವಿಚಿತ್ರ ತೊಡಕು. ಮುಧೋಳ ನಾಯಿಗಳೂ 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋಗಿದ್ದು ನಿಮಗೆ ನೆನಪಿರಬಹುದು. ವಾಸನೆ ಹಿಡಿದು ಹುಡುಕುವ ಬಹಳಷ್ಟು ನಾಯಿಗಳಿಗೆ ಚೆಂಡೇ ಸಂಬಳ. ವಸ್ತು ಪತ್ತೆ ಮಾಡಿದರೆ ಚೆಂಡು ಸಿಗುತ್ತದೆ, ಆಡಿ ವಾಪಸ್ ಕೊಡಬೇಕು, ಮತ್ತೆ ಹುಡುಕಬೇಕು. ಹುಸಿ ಗಬ್ಬದಲ್ಲಿ ಅದೇ ಚೆಂಡು ಮರಿಯಾಗಿಬಿಡಬಹುದು. ಆಗ ನಾಯಿ ಚೆಂಡು ಕಚ್ಚಿಕೊಂಡು ನೇರ ಗೂಡಿಗೆ ಹೋಗುತ್ತದೆ. ಕಸಿಯಲು ಹೋದವನು ಅದರ ಕಣ್ಣಿಗೆ ಮರಿ ಕದಿಯುವವನು. ವರ್ಷಗಟ್ಟಲೆ ಜೊತೆಗಿದ್ದವನನ್ನೂ ಕಚ್ಚಬಹುದು.

ಇದನ್ನು ಸೋಮಾರಿತನ ಅಂತ ತಿಳಿದು ಹೊಡೆಯುವವರಿದ್ದಾರೆ. "ಕೆಲಸಕ್ಕೆ ಬಾರದ ನಾಯಿ" ಅಂತ ದಾಟಿಸುವವರೂ ಇದ್ದಾರೆ. ಎರಡೂ ದಡ್ಡತನ. ಅವಸರದ ಓಟ, ಬೆನ್ನಟ್ಟುವ ಕೆಲಸ, ಚೆಂಡಿನ ತರಬೇತಿ ಕೆಲವು ದಿನ ನಿಲ್ಲಿಸಬೇಕು. ಹಾಗಂತ ಗುಂಡಿಯಲ್ಲೇ ಮಲಗಲು ಬಿಡಲೂಬಾರದು. ಹಗ್ಗ ಹಾಕಿ ದಿನಕ್ಕೆ ಎರಡು ಮೂರು ಸಲ ದೂರ ನಡೆಸಿಕೊಂಡು ಬಂದರೆ ಗಮನ ಗೂಡಿನಿಂದ ಬೇರೆ ಕಡೆ ತಿರುಗುತ್ತದೆ. ಹಾಲು ಬತ್ತಿ, ಗೂಡು ಮರೆತ ಮೇಲೆ ಕೆಲಸ ಮೊದಲಿನಂತೆ.

"ಕಟ್ಟಿ ಹಾಕಿದ್ವಿ" ಅಂದರೆ ಸಾಲದು

ಬೆದೆಯ ನಾಯಿ ಸುಮಾರು 9 ದಿನ ಗಂಡನ್ನು ಹತ್ತಿರ ಬಿಟ್ಟುಕೊಳ್ಳುತ್ತದೆ. ಅಷ್ಟೂ ರಾತ್ರಿ ಯಾರು ಕಾವಲು ಕೂತಿದ್ದರು? ಹೆಣ್ಣನ್ನು ಕಟ್ಟಿದರೆ ಗಂಡು ಬೇಲಿ ಹಾರುತ್ತದೆ, ಅಷ್ಟೇ. ಹಾಗಾಗಿ ಹುಸಿ ಅಂತ ನಾವೇ ತೀರ್ಮಾನ ಮಾಡಬಾರದು. ಬೆದೆಯಾಗಿ ಒಂದು ತಿಂಗಳಾದ ಮೇಲೆ ಸ್ಕ್ಯಾನಿಂಗ್‌ನಲ್ಲಿ ಮರಿ ಗೊತ್ತಾಗುತ್ತದೆ. 45 ದಿನ ದಾಟಿದರೆ ಮರಿಯ ಮೂಳೆ ಎಕ್ಸ್‌ರೇಯಲ್ಲಿ ಕಾಣತೊಡಗುತ್ತದೆ. ರಕ್ತ ಪರೀಕ್ಷೆಯೂ ಇದೆ, ಅದರಲ್ಲಿ ನೋಡುವುದು ರಿಲ್ಯಾಕ್ಸಿನ್ ಎಂಬ ಬೇರೆ ಹಾರ್ಮೋನು. ಅದನ್ನು ಮಾಡುವುದು ಮರಿಯ ಮಾಸು. ಮಾಸೇ ಇಲ್ಲದಿದ್ದರೆ ರಿಲ್ಯಾಕ್ಸಿನ್ ಎಲ್ಲಿಂದ ಬರಬೇಕು? ಪ್ರೊಜೆಸ್ಟೆರಾನ್ ನೋಡಿ ಗಬ್ಬ ಹೇಳಲು ಆಗುವುದಿಲ್ಲ, ಯಾಕೆಂದು ಮೇಲೆ ನೋಡಿದೆವಲ್ಲ.

ಮುಟ್ಟದಿರುವುದೇ ಮುಖ್ಯ ಮದ್ದು

ಮೊಲೆ ತುಂಬಿದೆ, ನೋಯುತ್ತಿರಬೇಕು, ಸ್ವಲ್ಪ ಹಿಂಡಿಬಿಡೋಣ ಅನ್ನಿಸುತ್ತದೆ. ಹಿಂಡಬೇಡಿ. ಕರು ಬಾಯಿ ಹಾಕಿದ ಕೂಡಲೇ ಹಸು ಸೊರೆ ಬಿಡುತ್ತದಲ್ಲ, ಹಾಗೇ ಇಲ್ಲೂ. ತೊಟ್ಟಿಗೆ ಸ್ಪರ್ಶ ಸಿಕ್ಕಷ್ಟೂ ಮೆದುಳು ಪ್ರೊಲ್ಯಾಕ್ಟಿನ್ ಬಿಡುತ್ತಲೇ ಇರುತ್ತದೆ, ಹಾಲು ಆಗುತ್ತಲೇ ಇರುತ್ತದೆ. ಬಿಸಿನೀರಿನ ಶಾಖವೂ ಬೇಡ. ಹಸುವಿನ ಹಾಲು ಬತ್ತಿಸಲು ಕರೆಯುವುದನ್ನು ನಿಲ್ಲಿಸುತ್ತೇವೆ ತಾನೆ? ಇಲ್ಲೂ ಅದೇ ದಾರಿ.

ದೊಡ್ಡ ತೊಂದರೆ ನಾಯಿಯ ನಾಲಿಗೆಯೇ. ಅದು ತನ್ನ ಮೊಲೆಯನ್ನು ತಾನೇ ನೆಕ್ಕಿ ಹಾಲು ಬರಿಸಿಕೊಳ್ಳುತ್ತದೆ. ಕುತ್ತಿಗೆಗೆ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಹಾಕಿಸಬಹುದು. ಹೊಲದಲ್ಲಿ ಸುಲಭದ ದಾರಿ ಹಳೇ ಬನಿಯನ್. ಮುಂಗಾಲು ಎರಡನ್ನೂ ತೋಳಿನಲ್ಲಿ ತೂರಿಸಿ, ಹಿಂದೆ ಸಡಿಲವಾಗಿ ಗಂಟು ಹಾಕಿದರೆ ಮುಗಿಯಿತು. ಒದ್ದೆಯಾದರೆ ಬದಲಿಸಬೇಕು. ಮೊಲೆಗೆ ಕರ್ಪೂರದ ಎಣ್ಣೆ, ನೋವಿನ ಮುಲಾಮು ಹಚ್ಚಬೇಡಿ. ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ, ಕರ್ಪೂರ ನಾಯಿಗೆ ವಿಷ.

ಇನ್ನು ಊಟ. ಬಾಣಂತಿ ಅಂತ ಹಾಲು, ಮೊಟ್ಟೆ, ಬೆಲ್ಲ ಸುರಿದರೆ ಮೈ ಅದನ್ನೂ ಹಾಲು ಮಾಡುತ್ತದೆ. ಮಾಮೂಲಿ ರೊಟ್ಟಿ ಹಾಲಿನ ಮೇಲೆ ಏನೂ ಹೆಚ್ಚಿಗೆ ಬೇಡ. ಮೈತುಂಬಿಕೊಂಡ ನಾಯಿಗಾದರೆ ಕೆಲವು ದಿನ ಸ್ವಲ್ಪ ಕಮ್ಮಿಯನ್ನೇ ಹಾಕಬಹುದು. ಮುಧೋಳದಂಥ ಪಕ್ಕೆಲುಬು ಕಾಣುವ ನಾಯಿಯನ್ನು ಉಪವಾಸ ಕೆಡವಬಾರದು. ನೀರನ್ನಂತೂ ಯಾವ ನಾಯಿಗೂ ನಿಲ್ಲಿಸಬಾರದು.

ಅತ್ತೆಯ ಅಂಟಿನ ಉಂಡೆಯನ್ನು ನಾನು ಮೆಲ್ಲಗೆ ಎತ್ತಿ ಜೇಬಿಗೆ ಹಾಕಿಕೊಂಡೆ. ಅದರಲ್ಲಿ ಒಣದ್ರಾಕ್ಷಿ ಇತ್ತು. ದ್ರಾಕ್ಷಿ, ಅದರಲ್ಲೂ ಒಣದ್ರಾಕ್ಷಿ, ನಾಯಿಯ ಕಿಡ್ನಿ ಕೆಡಿಸುತ್ತದೆ. ಪ್ರೀತಿಯಿಂದ ಕೊಟ್ಟರೂ ಅಷ್ಟೇ. (ಉಂಡೆಯನ್ನು ಆಮೇಲೆ ನಾನೇ ತಿಂದೆ.)

ಚಪ್ಪಲಿಯನ್ನು ಏನು ಮಾಡುವುದು? ನಾಯಿಯ ಎದುರಿಗೆ ಕಸಿಯಬಾರದು. ಒಬ್ಬರು ನಾಯಿಯನ್ನು ನಡೆಸಿಕೊಂಡು ಹೋದಾಗ ಇನ್ನೊಬ್ಬರು ತೆಗೆದು, ಗುಂಡಿ ಮುಚ್ಚಿ, ಹಾಸಿದ್ದನ್ನು ಗುಡಿಸಿಬಿಡಬೇಕು. ವಾಪಸ್ ಬಂದು ಒಂದೆರಡು ದಿನ ಹುಡುಕಾಡುತ್ತದೆ. ತೀರಾ ಚಡಪಡಿಸಿದರೆ ಸದ್ಯಕ್ಕೆ ಬಿಟ್ಟು ಡಾಕ್ಟರನ್ನು ಕೇಳುವುದು ಒಳ್ಳೆಯದು. ಮಕ್ಕಳನ್ನಂತೂ ಆ ಗುಂಡಿಯ ಹತ್ತಿರ ಬಿಡಲೇಬೇಡಿ.

ಮಾತ್ರೆ ಯಾವಾಗ

ಬಹುಪಾಲು ನಾಯಿಗಳಿಗೆ ಬೇಕಾಗುವುದಿಲ್ಲ. ಹಾಲು ನಿಲ್ಲುತ್ತಲೇ ಇಲ್ಲ, ಊಟ ಬಿಟ್ಟಿದೆ, ಕಚ್ಚಲು ಬರುತ್ತದೆ ಅಂದಾಗ ಪಶುವೈದ್ಯರು ಸಾಮಾನ್ಯವಾಗಿ ಕ್ಯಾಬರ್ಗೋಲಿನ್ ಕೊಡುತ್ತಾರೆ. ಅದು ಪ್ರೊಲ್ಯಾಕ್ಟಿನ್ನನ್ನು ಮೂಲದಲ್ಲೇ ತಡೆಯುತ್ತದೆ. ಮನುಷ್ಯರಿಗೂ ಇದೇ ಔಷಧಿ ಇರುವುದರಿಂದ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಸಿಗುತ್ತದೆ. ಅಪಾಯವೂ ಅಲ್ಲೇ ಇದೆ. ನಾಯಿಗೆ ಕೊಡುವುದು ಕೆಜಿಗೆ 5 ಮೈಕ್ರೋಗ್ರಾಂ ಲೆಕ್ಕದಲ್ಲಿ, ದಿನಕ್ಕೊಮ್ಮೆ, ಐದಾರು ದಿನ. 20 ಕೆಜಿಯ ನಾಯಿಗೆ 100 ಮೈಕ್ರೋಗ್ರಾಂ ಆಯಿತು. ಅಂದರೆ ಅರ್ಧ ಮಿಲಿಗ್ರಾಂ ಮಾತ್ರೆಯ ಐದನೇ ಒಂದು ಪಾಲು. ಅಡುಗೆಮನೆಯ ಚಾಕುವಿನಲ್ಲಿ ಆ ಪಾಲು ಮಾಡಲು ಹೋಗಬೇಡಿ. ಹೊಟ್ಟೆಯಲ್ಲಿ ನಿಜವಾಗಿ ಮರಿ ಇದ್ದರಂತೂ ಇದೇ ಮಾತ್ರೆಯಿಂದ ಗಬ್ಬ ಇಳಿದುಹೋಗಬಹುದು. ಮೊದಲು ಸ್ಕ್ಯಾನಿಂಗ್ ಅಂದದ್ದು ಇದಕ್ಕೇ.

ಕ್ಯಾಬರ್ಗೋಲಿನ್‌ನಿಂದ ಕೆಲವು ನಾಯಿಗಳು ವಾಂತಿ ಮಾಡುತ್ತವೆ. ಊಟದ ಜೊತೆ ಕೊಟ್ಟರೆ ಕಮ್ಮಿ. ವಾಂತಿ ನಿಲ್ಲಲಿ ಅಂತ ಮನೆಯಲ್ಲಿರುವ ಮೆಟೊಕ್ಲೋಪ್ರಮೈಡ್ ಕೊಟ್ಟರೆ ಕೆಲಸ ಕೆಟ್ಟಿತು. ಅದು ಪ್ರೊಲ್ಯಾಕ್ಟಿನ್ನನ್ನು ಏರಿಸುವ ಔಷಧಿ, ಒಂದು ಕೈಯಲ್ಲಿ ಬೆಂಕಿ ಆರಿಸಿ ಇನ್ನೊಂದರಲ್ಲಿ ಸೀಮೆಎಣ್ಣೆ ಸುರಿದ ಹಾಗೆ. ಮನುಷ್ಯರ ನೋವಿನ ಮಾತ್ರೆಗಳೂ ಬೇಡ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಗೂ ಪೆಟ್ಟು.

ಅದೇ ಹೊತ್ತಿಗೆ ಬರುವ ನಿಜವಾದ ಅಪಾಯ

ಹುಸಿ ಗಬ್ಬಕ್ಕೆ ಹೆದರಬೇಕಾಗಿಲ್ಲ. ಅದರ ನೆರಳಿನಲ್ಲಿ ಬರುವ ಇನ್ನೊಂದಕ್ಕೆ ಹೆದರಬೇಕು. ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಕೂಡ ಬೆದೆಯಾಗಿ ಒಂದೆರಡು ತಿಂಗಳಿಗೇ ಬರುತ್ತದೆ. ಅದೇ ಮಂಕು, ಅದೇ ಊಟ ಬಿಡುವುದು, ಹೊಟ್ಟೆಯೂ ದಪ್ಪ. ಹುಸಿ ಗಬ್ಬ ಅಂದುಕೊಂಡು ಸುಮ್ಮನಿದ್ದರೆ ನಾಯಿ ಉಳಿಯುವುದಿಲ್ಲ. ಗುರುತು ಹೇಗೆ? ನಾಯಿ ಬೋಗುಣಿಗಟ್ಟಲೆ ನೀರು ಕುಡಿಯುತ್ತದೆ, ಮತ್ತೆ ಮತ್ತೆ ಉಚ್ಚೆ ಹೊಯ್ಯುತ್ತದೆ, ವಾಂತಿ ಮಾಡುತ್ತದೆ, ಹಿಂದಿನಿಂದ ಕೀವೋ ಕೆಟ್ಟ ವಾಸನೆಯ ನೀರೋ ಸೋರುತ್ತದೆ. ಕೆಲವು ಸಲ ಗರ್ಭಕೋಶದ ಬಾಯಿ ಮುಚ್ಚಿಕೊಂಡು ಹೊರಗೆ ಏನೂ ಸೋರುವುದಿಲ್ಲ, ಅದು ಇನ್ನೂ ಕೆಟ್ಟದ್ದು. ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆ. ನಾಳೆ ಸಂತೆಗೆ ಹೋಗುವಾಗ ತೋರಿಸೋಣ ಅನ್ನಬಾರದು.

ಇನ್ನೊಂದು ಕೆಚ್ಚಲು ಬಾವು. ತುಂಬಿದ ಮೊಲೆ ಮೆತ್ತಗಿದ್ದರೆ ಚಿಂತೆಯಿಲ್ಲ. ಒಂದೇ ಮೊಲೆ ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಬರುವ ಹಾಲಿನಲ್ಲಿ ಕೀವು ಅಥವಾ ರಕ್ತ ಕಂಡರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು. ನಾಯಿಯ ಮಾಮೂಲಿ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಅದು ಜ್ವರ, ಹಾಗಾಗಿ ಬರೀ ಕೈಯಿಂದ ಮುಟ್ಟಿ ಹೇಳಲು ಆಗುವುದಿಲ್ಲ.

ಒಂದು ಸೂಲು ಹಾಕಿಸಿದರೆ ಸರಿಹೋಗುತ್ತದಾ

ಈ ಮಾತು ಎಲ್ಲ ಊರಲ್ಲೂ ಇದೆ. ಸರಿಹೋಗುವುದಿಲ್ಲ. ಮರಿ ಹಾಕಿದ ನಾಯಿಗೂ ಮುಂದಿನ ಬೆದೆಯ ಮೇಲೆ ಹುಸಿ ಗಬ್ಬ ಬರಬಹುದು. ಒಮ್ಮೆ ಬಂದ ನಾಯಿಗೆ ಮತ್ತೆ ಬರುವುದು ಮಾಮೂಲಿ. ಮರಿ ಬೇಕಿದ್ದರೆ ಹಾಕಿಸಿ, ಇದಕ್ಕೆ ಔಷಧಿ ಅಂತ ಬೇಡ.

ಪೂರ್ತಿ ನಿಲ್ಲಿಸುವುದು ಗರ್ಭಕೋಶ, ಅಂಡಾಶಯ ತೆಗೆಯುವ ಆಪರೇಷನ್. ಪಯೋಮೆಟ್ರಾದ ಭಯವೂ ಅದರೊಂದಿಗೆ ಹೋಗುತ್ತದೆ. ಕುರುಡರಿಗೆ ದಾರಿ ತೋರಿಸುವ ನಾಯಿಗಳಿಗೆ ಸಾಮಾನ್ಯವಾಗಿ ಇದನ್ನು ಮಾಡಿಸಿಯೇ ಕೆಲಸಕ್ಕೆ ಹಾಕುತ್ತಾರೆ. ಮುಧೋಳ ಸೀಮೆಯಲ್ಲಿ ಮರಿ ಮಾರಾಟವೂ ಒಂದು ಆದಾಯ, ಹಾಗಾಗಿ ಎಲ್ಲರೂ ಒಪ್ಪುವುದಿಲ್ಲ. ಕೆಲವು ದೊಡ್ಡ ನಾಯಿಗಳಿಗೆ ಆಮೇಲೆ ಉಚ್ಚೆ ಸೋರುವ ತೊಂದರೆಯೂ ಬರಬಹುದು. ಡಾಕ್ಟರ ಜೊತೆ ಕೂತು ಮಾತಾಡಬೇಕಾದ ವಿಷಯ ಇದು.

ಮಾಡಿಸುವುದಾದರೆ ಹೊತ್ತು ನೋಡಿ ಮಾಡಿಸಬೇಕು. ಹಾಲು ಇರುವಾಗ ಬೇಡ. ಅಂಡಾಶಯ ತೆಗೆದ ಕೂಡಲೇ ಉಳಿದ ಪ್ರೊಜೆಸ್ಟೆರಾನ್ ಧಡಕ್ಕನೆ ಬಿದ್ದು ಹುಸಿ ಗಬ್ಬ ತಿಂಗಳುಗಟ್ಟಲೆ ಎಳೆಯಬಹುದು. ಬೆದೆಯಾಗಿ 3–4 ತಿಂಗಳು ಕಳೆದು, ಹಾಲು ಪೂರ್ತಿ ಬತ್ತಿ, ಮೈ ಶಾಂತವಾಗಿರುವ ಹೊತ್ತು ಒಳ್ಳೆಯದು. ಇದಕ್ಕೆಲ್ಲ ಬೆದೆಯ ತಾರೀಕು ಗೊತ್ತಿರಬೇಕು. ಅದನ್ನು ಬರೆದಿಡುವವರು ಕಮ್ಮಿ.

ಕೆಂಪಿಯನ್ನು ಮರುದಿನ ಪಶು ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದೆವು. ಹೊಟ್ಟೆ ಖಾಲಿ. ಮಾತ್ರೆ ಬೇಕಾಗಲಿಲ್ಲ. ಮಾವನ ಬನಿಯನ್ ಹಾಕಿಕೊಂಡು ಬದುವಿನ ಮೇಲೆ ಓಡಾಡಿತು. ನೋಡಿದವರೆಲ್ಲ ನಕ್ಕರು. ಮೂರನೇ ವಾರ ಮಾವನ ಫೋನ್ ಬಂತು. "ನಿನ್ನಿ ರಾತ್ರಿ ಹಂದಿ ಹಿಂದ ಹಳ್ಳದ ತನಕ ಓಡೈತಿ ನೋಡು. ಬನೀನು ಹರಕೊಂಡು ಬಂತು."

ಸಂಕ್ರಾಂತಿಗೆ ಹೋದಾಗ ಅಡುಗೆಮನೆಯ ಹೊಸ ಕ್ಯಾಲೆಂಡರ್ ತಿರುವಿ ನೋಡಿದೆ. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ, ಎಲ್ಲ ಅತ್ತೆಯ ಅಕ್ಷರ. ನಾಯಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ ಅಂತ ನಾನು ಹೇಳಿದ್ದೆ. ಏಪ್ರಿಲ್ ಹಾಳೆಯ ಮೂಲೆಯಲ್ಲಿ ಮಾವನ ಡೊಂಕು ಅಕ್ಷರದಲ್ಲಿ "ಕೆಂಪಿ?" ಅಂತ ಬರೆದಿತ್ತು.